‘ಕಾರು’ ಎಂಬ ಮಾತಿಗೆ ಹಂಚಿದ ಸಕ್ಕರೆ

ಈ ಸಭೆಯ ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ಭೀಮರಾಯರೇ, ಬಿಸಿಲನ್ನೂ ಧೂಳನ್ನೂ ಲೆಕ್ಕಿಸದೆ ಬೆಳಗಾವಿಯಿಂದ ದಯಮಾಡಿಸಿದ ಅತಿಥಿಗಳೇ, ಶಾಲಾ ಕಮಿಟಿಯ ಹಿರಿಯರೇ, ಇಷ್ಟು ವರ್ಷ ನನ್ನೊಡನೆ ಕರಿಹಲಗೆಯ ಧೂಳು ನುಂಗಿದ ಶಿಕ್ಷಕಿಯರೇ, ಹಿಂದೆ ಕಂಬದ ಮರೆಯಲ್ಲಿ ಕುಳಿತು ಸೆರಗಿನೊಳಗೆ ಚುರುಮುರಿ ತಿನ್ನುತ್ತಿರುವ ನನ್ನ ವಿದ್ಯಾರ್ಥಿನಿಯರೇ, ಅದನ್ನು ಕಂಡೂ ಕಾಣದಂತಿರುವ ಅವರ ತಾಯಂದಿರೇ, ಮತ್ತು ಗೋಕಾಕದ ಸಮಸ್ತ ಸಭಿಕರೇ,

ಈವರೆಗೆ ಮಾತನಾಡಿದವರೆಲ್ಲ ನನ್ನನ್ನು ಬಹಳ ಹೊಗಳಿದರು. ಕೇಳುತ್ತ ಕುಳಿತ ನನಗೆ, ಈ ಉದ್ದವ್ವ ಎಂಬ ಹೆಂಗಸು ಯಾರೋ ಪುಣ್ಯವಂತೆ, ಒಮ್ಮೆ ಹೋಗಿ ನೋಡಿ ಬರಬೇಕು ಅನ್ನಿಸಿತು. ನಮ್ಮ ಕಡೆ ಸತ್ತವರನ್ನೂ ವರ್ಗವಾದವರನ್ನೂ ಹೊಗಳುವ ಪದ್ಧತಿಯುಂಟು. ನಾನು ಸತ್ತಿಲ್ಲ. ವರ್ಗವೂ ಆಗಿಲ್ಲ. ಮುಖ್ಯೋಪಾಧ್ಯಾಯಿನಿಯ ಹುದ್ದೆ ಕೈಗೆ ಬಂದ ಹೊತ್ತಿನಲ್ಲಿ ಕೆಲಸವನ್ನೇ ಬಿಟ್ಟು ಮೂಡಲಗಿಗೆ ಹೊರಟಿದ್ದೇನೆ. ಹೀಗೆ ಹೊರಟವರನ್ನು ಹೊಗಳಬೇಕೋ ಬೈಯಬೇಕೋ ಎಂಬ ಸಂಶಯ ನಿಮ್ಮಲ್ಲಿ ಹಲವರ ಮುಖದ ಮೇಲೆ ಕಾಣುತ್ತಿದೆ.

ಅಧ್ಯಕ್ಷರಿಗಂತೂ ಆ ಸಂಶಯ ಮೊದಲಿನಿಂದಲೂ ಇದೆ. ನನ್ನ ಅತ್ತೆ ಯಮನವ್ವ ಮೂಡಲಗಿಯಲ್ಲಿ ಹಾಸಿಗೆ ಹಿಡಿದಿದ್ದಾಳೆ, ಆಕೆಯ ಆರೈಕೆಗೆ ಹೋಗಬೇಕು ಎಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: “ಅಕ್ಕೋರ, ಮುದುಕಿನ್ನ ನೋಡಾಕ ಒಂದು ಹೆಣ್ಣಾಳು ಇಟ್ರ ಮುಗೀತಿಲ್ರೀ? ಅದಕ್ಯಾಕ ಇಂಥಾ ಹುದ್ದೆ ಬಿಡ್ತೀರಿ?”

ಪ್ರಶ್ನೆ ತಪ್ಪಲ್ಲ. ಮಗಳೂ ಅಲ್ಲದ, ಹಡೆದ ತಾಯಿಯೂ ಅಲ್ಲದ ಇಬ್ಬರು ಹೆಂಗಸರ ನಡುವೆ ಅಂಥದ್ದೇನು ಎಂದು ಕೇಳಿದರು. ಅಂದು ನಾನು ಸುಮ್ಮನೆ ಕೈ ಮುಗಿದು ಬಂದೆ. ಉತ್ತರವನ್ನು ಇಂದು ಕೊಡುತ್ತೇನೆ. ಆದರೆ ನಾನು ಭಾಷೆ ಕಲಿಸುವವಳು. ಒಂದು ಪದವನ್ನು ಹಿಡಿದುಕೊಳ್ಳದೆ ನನಗೆ ಎಲ್ಲಿಗೂ ನಡೆಯಲು ಬರುವುದಿಲ್ಲ. ಕಾರ್ಯಕ್ರಮದ ಕಾಗದದಲ್ಲಿ ನನ್ನ ವಿಷಯ ‘ಮಾತೃಭಾಷೆಯ ಮಹತ್ವ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡದು ಯಾಕೆ? ಒಂದೇ ಒಂದು ಪದ ಸಾಕು. ಆ ಪದ ‘ಕಾರು’.

ಮುಂದಿನ ಸಾಲಿನಲ್ಲಿ ಕೆಲವರ ಶಲ್ಯ ಮೂಗಿನ ಹತ್ತಿರ ಹೋಯಿತು. ಗಾಬರಿಯಾಗಬೇಡಿ, ಪದಕ್ಕೆ ವಾಸನೆಯಿಲ್ಲ. ಅಧ್ಯಕ್ಷರು ಮೋಟಾರಿನಲ್ಲಿ ಬಂದಿದ್ದಾರೆ; ಅದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೌರವದ ಸಲುವಾಗಿ ನಾನು ಹೇಳುವುದಿಲ್ಲ. ನಾನು ಹೇಳುತ್ತಿರುವುದು ನಮ್ಮ ಅಡುಗೆಮನೆಯ, ನಮ್ಮ ಹಿತ್ತಲಿನ, ಕೂಸಿನ ಬಾಯಿಯ ಹಳೆಯ ‘ಕಾರು’.

ಹೋದ ವರ್ಷ ಪರೀಕ್ಷೆಗೆ ಬಂದ ದೊಡ್ಡ ಮನುಷ್ಯರೊಬ್ಬರು ನಾಲ್ಕನೆಯ ಇಯತ್ತೆಯ ಬಾಳವ್ವನನ್ನು ನಿಲ್ಲಿಸಿ, “ವಮನ ಅಂದರೇನು?” ಎಂದು ಕೇಳಿದರು. ಹುಡುಗಿ ಥಟ್ಟನೆ, “ಕಾರೂದ್ರೀ” ಅಂದಳು. ಅವರು ಮುಖ ಸಿಂಡರಿಸಿ, “ಅಸಭ್ಯ ಮಾತು. ವಾಂತಿ ಎನ್ನಬೇಕು” ಎಂದು ತಿದ್ದಿದರು. ಬಾಳವ್ವ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಆಚೆ ನೋಡಿದೆ. ಕಿಟಕಿಯ ಆಚೆ ಸುಮ್ಮನೆ ಬಿಸಿಲಿತ್ತು. ಆದರೆ ಆ ಬಿಸಿಲಿನಲ್ಲಿ ನನಗೆ ಹತ್ತಿಯ ಎಳೆಗಳು ಹಾರಾಡುವುದು ಕಂಡಿತು, ಎರಡು ಕೈಗಳು ಕಂಡವು. ಪರೀಕ್ಷೆ ಮುಗಿದದ್ದು ನನಗೆ ತಿಳಿಯಲೇ ಇಲ್ಲ. ಆ ಕೈಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪದದ ಮರ್ಯಾದೆ. ಡಾಕ್ಟರರು ‘ವಾಂತಿ’ ಎನ್ನುತ್ತಾರೆ, ಪಂಡಿತರು ‘ವಮನ’ ಎನ್ನುತ್ತಾರೆ, ಪೇಟೆಯ ಸಾಬರು ‘ಉಲ್ಟಿ’ ಎನ್ನುತ್ತಾರೆ, ಮರಾಠಿ ಮನೆಗಳಲ್ಲಿ ‘ಓಕಾರಿ’ ಎನ್ನುತ್ತಾರೆ. ಎಲ್ಲವೂ ಒಳ್ಳೆಯ ಮಾತುಗಳೇ. ಆದರೆ ನಿಮ್ಮ ಕೂಸು ಮೊಲೆಯುಂಡು ಹೆಗಲ ಮೇಲೆ ಬಿಳಿ ಮೊಸರಿನಂಥದ್ದನ್ನು ಚೆಲ್ಲಿದಾಗ ಯಾವ ತಾಯಿಯಾದರೂ ‘ವಮನ ಮಾಡಿತು’ ಎಂದದ್ದುಂಟೆ? “ಕೂಸು ಹಾಲು ಕಾರ್ತು” ಎನ್ನುತ್ತಾಳೆ, ಅಂದು ನಗುತ್ತಾಳೆ. ಹಾವು ವಿಷ ಕಾರುತ್ತದೆ, ವೈರಿ ದ್ವೇಷ ಕಾರುತ್ತಾನೆ, ಸಿಟ್ಟು ಬಂದವನ ಕಣ್ಣು ಬೆಂಕಿ ಕಾರುತ್ತದೆ. ಒಳಗೆ ಇಟ್ಟುಕೊಂಡರೆ ಉಳಿಗಾಲವಿಲ್ಲದ್ದು ಹೊರಗೆ ಬರುವಾಗ ನಮ್ಮವರು ಹೇಳುವ ಮಾತು ಅದು. ಹೇಳುವವರ ದನಿಯಂತೆ ಅದರ ಬಣ್ಣ.

ಅಂಜಿಕೆಯಿಂದ ಬಾಯಿಗೆ ತಾರದ ಕಾಲವೂ ಇತ್ತು. ಕಾಲರಾ ಬಂದ ವರ್ಷ ನಾನು ತುಕ್ಕಾನಟ್ಟಿಯ ತವರಿನಲ್ಲಿ ಸಣ್ಣವಳು. ಯಾರೂ ಆ ಮಾತನ್ನು ಆಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಆ ಬೇನೆಯ ತಾಯಿ ಬಂದೇಬಿಡುತ್ತಾಳೆ ಎಂಬ ಭಯ. ಬಾಜೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿ, ಎರಡು ಬೆರಳು ಬಾಯಿಯ ಹತ್ತಿರ ಒಯ್ದು ಇಳಿಸುತ್ತಿದ್ದರು. ಅಷ್ಟರಿಂದಲೇ ಓಣಿಯವರು ಗಂಟು ಕಟ್ಟಿ, ಊರು ಬಿಟ್ಟು ಹೊಲಕ್ಕೆ ಹೊರಡುತ್ತಿದ್ದರು. ಪದವಿಲ್ಲದ ಊರು ಹೇಗಿರುತ್ತದೆ ಎಂದು ಕೇಳಿದರೆ, ನನಗೆ ಆ ಬೆರಳುಗಳು ನೆನಪಾಗುತ್ತವೆ.

ಸಭಿಕರೇ, ಅದೇ ಪದವನ್ನು ಓಣಿಯ ತುಂಬ ಕೂಗಿ ಹೇಳಿದ ಒಬ್ಬ ಹೆಂಗಸಿದ್ದಳು. ಕೂಗಿ ಹೇಳಿ ಸಕ್ಕರೆ ಹಂಚಿದಳು. ಆಕೆಯೇ ಯಮನವ್ವ.

ನಾನು ಮೂಡಲಗಿಯ ಹತ್ತಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾಗಿದ್ದವು. ಪ್ರಾಯಕ್ಕೆ ಬಂದ ಸೊಸೆಗೆ ಇನ್ನೂ ಮಕ್ಕಳಿಲ್ಲ ಎಂದರೆ ಓಣಿಯ ಬಾಯಿ ಸುಮ್ಮನಿರುತ್ತದೆಯೆ? ನನ್ನ ಗಂಡ ಮುರಿಗೆಪ್ಪ ಒಳ್ಳೆಯವನು. ಆದರೆ ಒಳ್ಳೆಯವರ ಕೊರತೆ ನಿಮಗೆ ಗೊತ್ತು, ಅವರು ಹಿರಿಯರ ಮುಂದೆ ಬಾಯಿ ತೆರೆಯುವುದಿಲ್ಲ. ಮಾವ ತೀರಿಕೊಂಡಿದ್ದರಿಂದ ಅವರ ತಮ್ಮ ಗುರುಲಿಂಗಪ್ಪ ಕಾಕಾ ಮನೆಗೆ ಯಜಮಾನ. ಹುಕ್ಕೇರಿಯ ಕಡೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದೇನೆ, ಎಳ್ಳ ಅಮಾವಾಸ್ಯೆ ಕಳೆಯಲಿ, ಇವಳನ್ನು ತುಕ್ಕಾನಟ್ಟಿಗೆ ಬಿಟ್ಟು ಬರೋಣ ಎಂದು ಕಾಕಾ ಜಗಲಿಯ ಮೇಲೆ ಕುಳಿತು ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಆ ದಿನಗಳಲ್ಲಿ ನನ್ನ ರೊಟ್ಟಿಗಳು ಬಹಳ ತೆಳ್ಳಗಾಗುತ್ತಿದ್ದವಂತೆ. ಒಳಗಿನ ಸಿಟ್ಟೆಲ್ಲ ಅವುಗಳ ಮೇಲೆಯೇ.

ಎಳ್ಳ ಅಮಾವಾಸ್ಯೆ ಬಂತು. ಗಾಡಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯಗಳನ್ನು ಭೂಮಿತಾಯಿಗೆ ಎಡೆ ಮಾಡಿ ಹೊಲದ ತುಂಬ ಚರಗ ಚೆಲ್ಲಿದರು. ಬಸುರಿಯಾದ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಭೂಮಿಯನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಿಜವಾಗಿ ಹೇಳುತ್ತೇನೆ, ಆ ಜೋಳದ ಹೊಲವನ್ನು ನೋಡಿ ಹೊಟ್ಟೆಕಿಚ್ಚಾಯಿತು.

ಊಟವಾದ ಮೇಲೆ ಹೆಂಗಸರು ಬನ್ನಿ ಗಿಡದ ಕೆಳಗೆ ನನ್ನನ್ನು ಕೂರಿಸಿ ಉಡಿ ತುಂಬಿದರು. ಮಕ್ಕಳಾಗಲಿ ಎಂದು ತುಂಬಿದ ಉಡಿಯಲ್ಲಿನ ತಿನ್ನುವ ಪದಾರ್ಥವನ್ನು ಯಾರಿಗೂ ಹಂಚಬಾರದು, ಒಂದು ಚೂರೂ ಬಿಡದೆ, ಮಾತಾಡದೆ ತಾನೇ ತಿನ್ನಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಉತ್ತತ್ತಿ, ಕೊಬ್ಬರಿ, ಪುಟಾಣಿ ಬಿದ್ದವು. ಕೊನೆಗೆ ಹಿರಿಯಳಾದ ಸತ್ತೆವ್ವ ಆಯಿ ಬಂದಳು. ಆಕೆಗೆ ಕಣ್ಣಲ್ಲಿ ಪೊರೆ. ಗಾಡಿಯ ಮೂಲೆಯಲ್ಲಿ ಮುಚ್ಚಿಟ್ಟಿದ್ದ ಬುಟ್ಟಿಗೆ ಕೈ ಹಾಕಿ ಬಿಳಿ ತಿರುಳು ತೆಗೆದು, ಬಾದಾಮಿಯೆಂದು ತಿಳಿದು, ಹರಸಿ ಹರಸಿ ನನ್ನ ಉಡಿಗೆ ಸುರಿದಳು. ಅವು ಬೇಲಿಯಲ್ಲಿ ಬೆಳೆಯುವ ಕಾಡು ಔಡಲದ ಬೀಜಗಳು. ಕಡ್ಡಿಗೆ ಪೋಣಿಸಿ ದೀಪದ ಹಾಗೆ ಉರಿಸಲೆಂದು ಆಳುಗಳು ಸಿಪ್ಪೆ ಸುಲಿದು ಇಟ್ಟಿದ್ದರು. ತಿಂದರೆ ವಿಷ.

ಮನೆಗೆ ಬಂದು, ದೇವರ ಗೂಡಿಗೆ ಮುಖ ಮಾಡಿ, ಒಂದು ಚೂರೂ ಬಿಡದೆ ತಿಂದೆ. ಸಿಹಿಯಾಗಿದ್ದವು. ಎಷ್ಟು ಭಕ್ತಿಯಿಂದ ತಿಂದೆನೆಂದರೆ, ಇಂದಿಗೂ ಅಷ್ಟು ಭಕ್ತಿಯಿಂದ ನಾನು ಪ್ರಸಾದವನ್ನೂ ಸ್ವೀಕರಿಸಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಹೊಟ್ಟೆ ತೊಳೆಸಿ ಬಂತು. ಹಿತ್ತಲಿಗೆ ಓಡಲು ಕಾಲು ಬರಲಿಲ್ಲ. ಹತ್ತಿ ತುಂಬಿದ ಪಡಸಾಲೆಯಲ್ಲಿ ಗೋಡೆ ಹಿಡಿದು ಕುಳಿತೆ. ಬಿಳಿಯ ಹತ್ತಿಯ ಮೇಲೆ ಚೆಲ್ಲಿದರೆ ಕಾಕಾ ಏನೆಂದಾರು ಎಂದು ಬಾಯಿಗೆ ಸೆರಗು ಒತ್ತಿಕೊಂಡೆ. ಆಗ ಯಮನವ್ವ ಬಂದಳು. ನನ್ನನ್ನು ನೋಡಿದ್ದೇ ತಡ, ಆಕೆಯ ಮುಖದಲ್ಲಿ ಬೆಳಕು ಬಿತ್ತು. ಓಡಿ ಬಂದು ಕುಳಿತು, ಸೆರಗನ್ನು ಬಾಯಿಯಿಂದ ಕಿತ್ತು, ತನ್ನ ಎರಡೂ ಕೈ ಸೇರಿಸಿ ನನ್ನ ಗಲ್ಲದ ಕೆಳಗೆ ಬೊಗಸೆ ಒಡ್ಡಿದಳು.

“ಕಾರವ್ವಾ, ಕಾರು. ನಾಚಬ್ಯಾಡ. ಜಾಗಾ ಯಾಕ ಹುಡುಕ್ತಿ? ನನ್ನ ಕೈ ಇಲ್ಲೇನು?”

ಆ ಬೊಗಸೆಯಲ್ಲಿ ನಾನು ಕಾರಿದೆ. ಕೈಯಲ್ಲಿ ಹಿಡಿದುಕೊಂಡೇ ಆಕೆ ಬಾಗಿಲ ಕಡೆ ತಿರುಗಿ ಇಡೀ ಓಣಿಗೆ ಕೇಳುವಂತೆ ಕೂಗಿದಳು: “ನಮ್ಮ ಸೊಸಿ ಕಾರಾಕತ್ಯಾಳ್ರೇ! ಯಾರರೆ ಬರ್ರೇ, ಡಬ್ಬ್ಯಾಗಿನ ಸಕ್ಕರಿ ತಗೊಂಡು ಓಣ್ಯಾಗೆಲ್ಲಾ ಹಂಚ್ರೇ!”

ಹೆಂಗಸರು ಬಂದರು, ಸಕ್ಕರೆ ಹೋಯಿತು. ಕಾಕಾರ ಕೈಯಲ್ಲೂ ಒಂದು ಚಿಟಿಕೆ ಬಿತ್ತು. ಬೇರೆ ದಾರಿಯಿಲ್ಲದೆ ಬಾಯಿಗೆ ಹಾಕಿಕೊಂಡರಂತೆ. ಓಣಿಯಲ್ಲಿ ಸಕ್ಕರೆ ನಡೆಯುತ್ತಿರುವಾಗ ಯಮನವ್ವ ಕೈ ತೊಳೆಯಲೆಂದು ಬಚ್ಚಲ ದೀಪದ ಹತ್ತಿರ ಹೋದಳು. ಬೊಗಸೆಯೊಳಗೆ ಬಿಳಿಯ ಚೂರುಗಳನ್ನು ಕಂಡಳು. ಮೂಸಿದಳು. ಗುರುತು ಹಿಡಿದಳು.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ನೆಲದ ಮೇಲೆ ಬಿದ್ದಿದ್ದರೆ ಯಾರು ನೋಡುತ್ತಿದ್ದರು? ಬೂದಿ ಸುರಿದು ಬಳಿಯುತ್ತಿದ್ದರು. ಕೈಯಲ್ಲಿ ಹಿಡಿದದ್ದರಿಂದ ಕಂಡಿತು. ಕಂಡದ್ದರಿಂದ ನಾನು ಇಂದು ನಿಮ್ಮೆದುರು ನಿಂತಿದ್ದೇನೆ.

ಆಕೆ ತಿರುಗಿ ಬಂದಾಗ ಮುಖದ ಬೆಳಕೆಲ್ಲ ಆರಿತ್ತು. ಒಂದು ಚೊಂಬು ಉಪ್ಪಿನ ನೀರು ತಂದು ನನ್ನ ಬಾಯಿಗೆ ಹಿಡಿದಳು. ಕುಡಿಸಿದಳು. ಬೆನ್ನಿಗೆ ಕೈ ಕೊಟ್ಟಳು. ಮತ್ತೆ ಬೊಗಸೆ. ಮತ್ತೆ ಅದೇ ಪದ. “ಕಾರು, ಮಗಳ. ಕಾರು. ಒಂದ ಚೂರೂ ಒಳಗ ಇಟಗೋಬ್ಯಾಡ. ಕಾರವ್ವಾ, ನಿನ್ನ ಕಾಲು ಬೀಳ್ತೇನಿ, ಕಾರು.” ಮೊದಲ ಸಲದ್ದು ಹುಟ್ಟಲಿರುವ ಮೊಮ್ಮಗನನ್ನು ಕರೆದ ದನಿ. ಈಗ ನನ್ನನ್ನು ಕರೆಯುವ ದನಿ. ಪದದ ಅರ್ಥ ಪುಸ್ತಕದಲ್ಲಿರುತ್ತದೆ ಎಂದು ಹೇಳುವವರಿಗೆ ನಾನು ಏನು ಹೇಳಲಿ? ನನಗೆ ಅದರ ಅರ್ಥ ತಿಳಿದದ್ದು ಆ ಎರಡು ಕೈಗಳ ಮೇಲೆ ಬಾಗಿದಾಗ.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಬರಿಯ ಬೆಳಕು ನೆನಪಿದೆ. ಹತ್ತಿಯ ರಾಶಿಯ ಮೇಲೆಯೇ ಮಲಗಿಸಿದ್ದರು. ಗವಾಕ್ಷಿಯಿಂದ ಬಿಸಿಲು ಕೋಲಾಗಿ ಇಳಿಯುತ್ತಿತ್ತು, ಅದರೊಳಗೆ ಹತ್ತಿಯ ಎಳೆಗಳು ಏರುತ್ತಿದ್ದವು, ಇಳಿಯುತ್ತಿದ್ದವು. ನಾನೂ ಅಂಥ ಒಂದು ಎಳೆ ಎಂದುಕೊಂಡಿದ್ದೆ. ಹಗುರಾಗಿ ಮನೆಯ ಮೇಲೆ, ಮಠದ ಮೇಲೆ, ಘಟಪ್ರಭೆಯ ಮೇಲೆ ತೇಲುತ್ತಿದ್ದೆ. ಹೊಳೆಯ ದಂಡೆಯಲ್ಲಿ ಬೆಳ್ಳಕ್ಕಿಗಳು ಕುಳಿತಿದ್ದವು. ಒಂದೊಂದೂ ನನ್ನ ಹೆಸರು ಹಿಡಿದು ಮಾತಾಡಿಸುತ್ತಿತ್ತು. ಇನ್ನು ಕೆಳಗೆ ಇಳಿಯುವುದು ಬೇಡ ಅನ್ನಿಸಿತ್ತು, ಸಭಿಕರೇ, ಕೆಳಗೆ ಏನಿತ್ತು ನನಗೆ? ತುಕ್ಕಾನಟ್ಟಿಯ ಗಾಡಿ ಇತ್ತು, ಹುಕ್ಕೇರಿಯ ಹೆಣ್ಣು ಇತ್ತು. ಆದರೆ ಎಲ್ಲಿ ಇಳಿದು ನೋಡಿದರೂ ಕೆಳಗೆ ಎರಡು ಕೈ ಬೊಗಸೆ ಒಡ್ಡಿ ಕಾಯುತ್ತಿದ್ದವು. ಎಷ್ಟೆಂದು ಕಾಯಿಸುವುದು? ಇಳಿದುಬಿಟ್ಟೆ. ಕಣ್ಣು ತೆರೆದಾಗ ಯಮನವ್ವ ಬಟ್ಟೆಯ ತುದಿಯಲ್ಲಿ ಮಜ್ಜಿಗೆ ಅದ್ದಿ ನನ್ನ ತುಟಿಗೆ ಹಿಂಡುತ್ತಿದ್ದಳು.

ಕ್ಷಮಿಸಿ. ಇಷ್ಟು ದೂರ ಹೋಗಬೇಕೆಂದು ಮನೆಯಿಂದ ಹೊರಡುವಾಗ ಅಂದುಕೊಂಡಿರಲಿಲ್ಲ.

ಬದುಕಿದೆ. ಬಸುರಿಯಲ್ಲ ಎಂಬುದೂ ಊರಿಗೆ ತಿಳಿಯಿತು. ಊರಿಗೆ ನಗಲು ಕಾರಣ ಬೇಕೆ? ಸುಳ್ಳು ಸಕ್ಕರೆ ತಿನ್ನಿಸಿದರು ಎಂದು ಓಣಿ ನಕ್ಕಿತು. ಗುರುಲಿಂಗಪ್ಪ ಕಾಕಾ ಇದೇ ಸಂದರ್ಭವೆಂದು ಮಠದ ಅಂಗಳದಲ್ಲಿ ಊರ ಪಂಚರ ದೈವ ಸೇರಿಸಿದರು. ಊರ ಹಿರಿಯರೆಲ್ಲ ಕಂಬಳಿಯ ಮೇಲೆ ಕುಳಿತರು. ಹೆಂಗಸರು ಬಾಗಿಲ ಮರೆಯಲ್ಲಿ. ಕಾಕಾ ನಿಂತು ಹೇಳಿದರು: “ಇಲ್ಲದ ಬಸುರಿಗಿ ಸಕ್ಕರಿ ಹಂಚಿ ನಮ್ಮ ಮನಿತನದ ಮಾನ ಕಳದ್ರು. ಇನ್ನ ತಡಾ ಮಾಡೂದು ಬ್ಯಾಡ. ಇಕಿನ್ನ ತವರಿಗಿ ಕಳಸ್ರಿ. ಹುಕ್ಕೇರಿಯವ್ರಿಗಿ ಮಾತು ಕೊಡೂಣು.”

ನನ್ನ ಗಂಡ ತಲೆ ತಗ್ಗಿಸಿ ಕಂಬಳಿಯ ನೂಲು ಕೀಳುತ್ತಿದ್ದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಅದರ ಕೆತ್ತನೆ ನನ್ನ ಅಂಗೈಯಲ್ಲಿ ಇಂದಿಗೂ ಇದೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಆಗ ಯಮನವ್ವ ನನ್ನನ್ನು ದಾಟಿ ಅಂಗಳಕ್ಕೆ ಇಳಿದಳು. ದೈವದ ಮುಂದೆ ಹೆಂಗಸು ಇಳಿದು ಮಾತಾಡಿದ್ದನ್ನು ಮೂಡಲಗಿ ಅಲ್ಲಿಯವರೆಗೆ ನೋಡಿರಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿದಳು.

“ಸಕ್ಕರಿ ಸುಳ್ಳಲ್ರೀ, ಯಪ್ಪಾ. ಮನ್ಯಾಗ ಜೀವ ಬಂದ್ರ ಸಕ್ಕರಿ ಹಂಚತಾರ ಹೌದಲ್ರೀ? ನಮ್ಮ ಮನ್ಯಾಗೂ ಜೀವ ಬಂದೈತಿ. ಹ್ವಾದ ಜೀವ ಹೊಳ್ಳಿ ಬಂದೈತಿ. ಹಡದಾಕಿ ಹೊಟ್ಯಾಗ ಹಡೀತಾಳ, ನಾ ಇಕಿನ್ನ ಈ ಎರಡು ಕೈಯಾಗ ಹಡದೇನಿ. ನೀವು ತಿಂದಿದ್ದು ಖರೇ ಸಕ್ಕರಿ. ಇನ್ನ ಹುಕ್ಕೇರಿ ಹೆಣ್ಣಿನ ಮಾತು. ನನ್ನ ಮಗಗ ಬೇಕಾದ್ರ ಅಂವಾ ಹುಕ್ಕೇರಿಗಿ ಮನಿ ಅಳಿಯನಾಗಿ ಹೋಗ್ಲಿ, ಬುತ್ತಿ ಕಟ್ಟಿ ಕೊಡ್ತೇನಿ. ಇಕಿ ಮಾತ್ರ ಎಲ್ಲೂ ಹೋಗೂದಿಲ್ಲ.”

ಮೊದಲು ನಕ್ಕವನು ನನ್ನ ಗಂಡ. ಬುತ್ತಿಯ ಮಾತಿಗೆ ಅವನಿಗೆ ನಗು ತಡೆಯಲಾಗಲಿಲ್ಲ. ಅವನ ಹಿಂದೆ ಹಿರಿಯರು ನಕ್ಕರು. ಸ್ವಾಮಿಗಳು, “ಸಕ್ಕರೆ ತಿಂದವರು ಇನ್ನೇನು ಮಾತಾಡುತ್ತೀರಿ, ಏಳಿ” ಅಂದರು. ದೈವ ಎದ್ದಿತು. ಕಾಕಾ ಬಹಳ ದಿನ ನಮ್ಮ ಮನೆಯ ಜಗಲಿಗೆ ಬರಲಿಲ್ಲ.

ನನಗೆ ಮಕ್ಕಳಾಗಲೇ ಇಲ್ಲ. ಇನ್‌ಫ್ಲುಯೆಂಜಾ ಬಂದ ವರ್ಷ ಮುರಿಗೆಪ್ಪನೂ ಹೋದ. ಒಳ್ಳೆಯವನು, ನಗುವುದಕ್ಕೆ ಹೆದರದವನು. ಅವನು ಹೋದ ಮೇಲೆ ನಾನು ಮತ್ತೆ ಆ ಪಡಸಾಲೆಯಲ್ಲಿ ಗೋಡೆ ಹಿಡಿದು ಕುಳಿತೆ. ಯಮನವ್ವ ಮಗನನ್ನು ಮಣ್ಣು ಮಾಡಿ ಬಂದ ತಾಯಿ. ಆಕೆಯೇ ನನ್ನ ಹತ್ತಿರ ಬಂದು, “ಒಳಗ ಇಟಗೋಬ್ಯಾಡ” ಅಂದಳು. ಇಬ್ಬರೂ ಅತ್ತೆವು. ಆಮೇಲೆ ತನ್ನ ಕೈಯ ಚಿನ್ನದ ಬಿಲವಾರ ಮಾರಿ ನನ್ನನ್ನು ಧಾರವಾಡದ ಟ್ರೇನಿಂಗಿಗೆ ಕಳಿಸಿದಳು. ನಾನು ಅಕ್ಷರ ಕಲಿಸುವವಳಾದೆ. ಮಕ್ಕಳು ಮನೆ ತುಂಬದಿದ್ದರೂ ಶಾಲೆ ತುಂಬಿದರು. ಅಲ್ಲಿ ಕಂಬದ ಹಿಂದೆ ಚುರುಮುರಿ ತಿನ್ನುತ್ತಿದ್ದಾರಲ್ಲ, ಅವರೇ.

ಈಗ ಅಧ್ಯಕ್ಷರ ಪ್ರಶ್ನೆಗೆ ಬರುತ್ತೇನೆ. ಹೆಣ್ಣಾಳು ಸಿಗುತ್ತಾಳೆ, ರಾಯರೇ. ಇಟ್ಟೂ ನೋಡಿದೆ. ಒಳ್ಳೆಯ ಹೆಂಗಸು, ನೆಲ ಚೆನ್ನಾಗಿ ಒರೆಸುತ್ತಾಳೆ. ಆದರೆ ಯಮನವ್ವನ ಹೊಟ್ಟೆಯಲ್ಲಿ ಈಗ ಗಂಜಿಯೂ ನಿಲ್ಲುವುದಿಲ್ಲ. ಆಳಿನ ಮುಂದೆ ಕಾರಲು ಆಕೆಗೆ ನಾಚಿಕೆ. ಗೋಡೆಯ ಕಡೆ ಮುಖ ಮಾಡಿ, ಬಂದದ್ದನ್ನು ಮತ್ತೆ ನುಂಗಿಕೊಳ್ಳುತ್ತಾಳೆ. ಕೇಳಿದರೆ “ಏನಿಲ್ಲ, ಕೆಮ್ಮು” ಎನ್ನುತ್ತಾಳೆ. ಓಣಿಗೆಲ್ಲ ಕೂಗಿ ಹೇಳಿದವಳು ಈಗ ಆ ಮಾತನ್ನು ಬಾಯಿಗೆ ತರುತ್ತಿಲ್ಲ.

ಹೋದ ಅಮಾವಾಸ್ಯೆಗೆ ಮೂಡಲಗಿಗೆ ಹೋದಾಗ ನಾನು ಆಕೆಯ ಪಕ್ಕ ಕುಳಿತೆ. ಕುತ್ತಿಗೆಯ ನರ ಉಬ್ಬಿತು, ಮುಖ ಗೋಡೆಗೆ ತಿರುಗಿತು. ನಾನು ಆ ಮುಖವನ್ನು ಈ ಕಡೆ ತಿರುಗಿಸಿಕೊಂಡು ಎರಡೂ ಕೈ ಸೇರಿಸಿ ಗಲ್ಲದ ಕೆಳಗೆ ಒಡ್ಡಿದೆ. ಇಷ್ಟು ವರ್ಷ ‘ಅತ್ತಿ’ ಎಂದೇ ಕರೆದವಳು ನಾನು. ಅಂದು ಬಾಯಿಂದ ಬೇರೆಯೇ ಬಂತು. “ಕಾರವ್ವಾ, ಕಾರು. ನನ್ನ ಕೈ ಇಲ್ಲೇನು?”

ಆಕೆ ನನ್ನ ಕೈಯನ್ನೇ ನೋಡಿದಳು. ಆಮೇಲೆ ಕಾರಿದಳು. ಮುಗಿದ ಮೇಲೆ ಉಸಿರು ಕೂಡಿಸಿಕೊಂಡು, ಹಲ್ಲಿಲ್ಲದ ಬಾಯಲ್ಲಿ ನಕ್ಕು ಅಂದಳು: “ಓಣ್ಯಾಗ ಸಕ್ಕರಿ ಹಂಚಿಗಿಂಚೀಯ ಮತ್ತ! ಈ ವಯಸ್ಸಿನ್ಯಾಗ ಮಂದಿ ಏನಂದಾರು?”

ರಾಯರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇದಕ್ಕಿಂತ ಬೇರೆ ಉತ್ತರವಿಲ್ಲ.

ಬಾಳವ್ವಾ, ನೀನೂ ಕೇಳು. ಅಂದು ನಿನ್ನ ಉತ್ತರ ಸರಿಯಾಗಿಯೇ ಇತ್ತು.

ಅತ್ತೆ ಸಕ್ಕರೆ ಬೇಡವೆಂದಳು ನಿಜ. ಆದರೆ ನಾನು ಮಾತು ಕೇಳುವ ಸೊಸೆ ಎಂದು ಯಾರು ಹೇಳಿದರು? ಯುದ್ಧ ಬಂದು ಸಕ್ಕರೆ ರೇಷನ್ನಿಗೆ ಬಿದ್ದ ಕಾಲ. ಚಹಾ ಬಿಟ್ಟು ಉಳಿಸಿದ ಸಕ್ಕರೆ ಒಂದು ತಟ್ಟೆಯಲ್ಲಿ ಬಾಗಿಲ ಹತ್ತಿರ ಇದೆ. ಹೋಗುವಾಗ ಎಲ್ಲರೂ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ. ಯಾಕೆ ಎಂದು ಯಾರಾದರೂ ಕೇಳಿದರೆ ಹೇಳಿ, ಮೂಡಲಗಿಯಲ್ಲಿ ಯಮನವ್ವ ಎಂಬ ಮುದುಕಿ ಇನ್ನೂ ಇದ್ದಾಳೆ, ಆಕೆಯ ಮಗಳು ಮನೆಗೆ ಹೊರಟಿದ್ದಾಳೆ ಎಂದು. ಸಂಜೆಯ ಸರ್ವಿಸ್ ಮೋಟಾರು ನನಗಾಗಿ ಕಾಯುವುದಿಲ್ಲ. ಇಷ್ಟು ಹೊತ್ತು ಮೂಗು ಮುಚ್ಚದೆ ಕೇಳಿದ ನಿಮಗೆಲ್ಲ ನನ್ನ ಉಪಕಾರ ಸ್ಮರಣೆ. ಈ ಎರಡು ಕೈಗಳನ್ನು ಈಗ ನಿಮಗೆ ಮುಗಿಯುತ್ತೇನೆ. ಮೂಡಲಗಿ ಮುಟ್ಟಿದ ಮೇಲೆ ಇವೇ ಕೈಗಳನ್ನು ಬಿಚ್ಚಿ ಒಡ್ಡಬೇಕಾಗಿದೆ. ನಮಸ್ಕಾರ.